ತಂಗಿಯ ಕೆಮ್ಮು, ತಂಗಿಯ ತೋಟ

ಬೆಳಿಗ್ಗೆ ಆರೂವರೆಗೆ ನನ್ನ ಫೋನು ಒಮ್ಮೆ ಗುಂಯ್ ಅನ್ನುತ್ತದೆ. ತಂಗಿ ಶಶಿ ಕುಂಭಾರಿಯ ತೋಟದ ಮನೆಯಿಂದ ಫೋಟೋ ಕಳಿಸಿರುತ್ತಾಳೆ. ಒಂದು ದಿನ ಆ ವರ್ಷದ ಮೊದಲ ಸೇವಂತಿಗೆ, ಒಂದು ದಿನ ಕಟ್ಟೆಯ ಮೇಲೆ ಕಾಲು ಚಾಚಿ ಬಿಸಿಲು ಕಾಯಿಸುತ್ತಿರುವ ಎರಡು ನಾಯಿಗಳು, ಇನ್ನೊಂದು ದಿನ ಬುಟ್ಟಿ ತುಂಬ ಎಳೆ ಹೀರೇಕಾಯಿ. ಕೆಳಗೆ ಮರಾಠಿಯಲ್ಲಿ ಒಂದು ಸಾಲು: ‘ತಾಯೀ, ಕಧೀ ಯೇತೇಸ?’ ಅಕ್ಕಾ, ಯಾವಾಗ ಬರ್ತಿ ಅಂತ. ಅವಳು ಓದಿದ್ದು ಹಳ್ಳಿಯ ಮರಾಠಿ ಶಾಲೆಯಲ್ಲಿ. ಕನ್ನಡ ಬಾಯಲ್ಲಿದೆ, ಕೈಯಲ್ಲಿಲ್ಲ. ನಾನು ಸೊಲ್ಲಾಪುರದ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಹಾಲಿನ ಪಾಕೀಟು ಕತ್ತರಿಸುತ್ತ ಆ ಫೋಟೋ ನೋಡುತ್ತೇನೆ. ‘ಛಂದ ಅದ’ ಎಂದು ಬರೆಯುತ್ತೇನೆ. ಬರೆಯುವಾಗ ಎದೆಯ ಕೆಳಗೆ ಒಂದು ಕಡೆ ಸಣ್ಣಗೆ ಉರಿಯುತ್ತದೆ. ಅರವತ್ತು ದಾಟಿದವಳು, ಪಿತ್ತವೆಂದು ಹೇಳಿಕೊಂಡು ಮಜ್ಜಿಗೆ ಕುಡಿಯಬಹುದು. ಆದರೆ ಆ ಉರಿ ಒಂಬತ್ತನೇ ವಯಸ್ಸಿನಿಂದ ನನ್ನ ಜೊತೆಗಿದೆ, ಅದರ ಹೆಸರು ಹೊಟ್ಟೆಕಿಚ್ಚು. ಅದನ್ನು ಬಿಟ್ಟು ನನ್ನ ಬಾಲ್ಯವನ್ನು ಹೇಳಹೋದರೆ ಉಳಿಯುವುದು ಬರೀ ಗೋಡೆ ಬಾಗಿಲುಗಳು.

ನಮ್ಮದು ಚಾದರದ ವ್ಯಾಪಾರದ ಮನೆ. ಸೊಲ್ಲಾಪುರದ ಹಳೆಯ ಓಣಿಯೊಂದರಲ್ಲಿ ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಚಾದರದ ಗಂಟುಗಳನ್ನು ಸೂರಿನವರೆಗೆ ಪೇರಿಸಿಟ್ಟ ಕತ್ತಲೆ ಕೋಣೆ. ಗಿರಣಿಯ ಭೋಂಗಾ ಕೂಗಿದಾಗ ಓಣಿ ಎದ್ದು ಕೂಡುತ್ತಿತ್ತು. ಆಮೇಲೆ ದಿನವಿಡೀ ಎದುರು ಮನೆಗಳ ಮಗ್ಗಗಳ ಖಟ್ ಖಟ್. ಹತ್ತಿಯ ಎಳೆ ಎಲ್ಲ ಕಡೆ ಹಾರಾಡುತ್ತಿತ್ತು. ಕುಡಿಯುವ ನೀರಿನ ಕೊಡದ ಮೇಲೆ, ಆಯಿಯ ಬಿಳಿಕೂದಲ ಮೇಲೆ, ಹಾಲಿನ ಕೆನೆಯ ಮೇಲೆ. ಆಯಿ ಎಂದರೆ ಅಪ್ಪನ ತಾಯಿ. ಅವಳು, ಅಪ್ಪ, ಅವ್ವ, ನಾನು ಸುಮನ್, ನನಗಿಂತ ಮೂರು ವರ್ಷ ಸಣ್ಣವಳಾದ ಶಶಿ, ತೊಟ್ಟಿಲಲ್ಲಿ ತಮ್ಮ. ಆ ಹತ್ತಿಯ ಎಳೆ ಉಳಿದವರಿಗೆಲ್ಲ ಬರೀ ಕಿರಿಕಿರಿ. ಶಶಿಗೆ ಮಾತ್ರ ಅದು ಎದೆಗಿಳಿಯಿತು. ಆರನೇ ವರ್ಷಕ್ಕೆ ದಮ್ಮು ಶುರುವಾಯಿತು. ಮಾತಿನ ನಡುವೆ ನಿಲ್ಲುವಳು, ಹೆಗಲು ಮೇಲೇರಿಸಿ ಗಾಳಿ ಎಳೆಯುವಳು. ಡಾಕ್ಟರು ಅಪ್ಪನಿಗೆ, ಈ ಮಗುವನ್ನು ಈ ಧೂಳಿನಿಂದ ಹೊರಗೆ ಇಡಿ, ಔಷಧಿ ಆಮೇಲಿನ ಮಾತು ಎಂದರು. ಹೊರಗೆ ಎಂದರೆ ನಮಗೆ ಒಂದೇ ಜಾಗವಿತ್ತು: ಅಕ್ಕಲಕೋಟೆಯ ರಸ್ತೆಯಲ್ಲಿ ಕುಂಭಾರಿಯ ಹತ್ತಿರ ನಮ್ಮಜ್ಜ ಕೊಂಡಿದ್ದ ತೋಟ. ಅಲ್ಲಿ ಗೌರತ್ತೆ ಇದ್ದಳು.

ಗೌರತ್ತೆ ಅಪ್ಪನ ಅಕ್ಕ. ಅಕ್ಕಲಕೋಟೆಗೆ ಕೊಟ್ಟಿದ್ದರು; ಮದುವೆಯಾದ ವರ್ಷದೊಳಗೆ ಗಂಡ ಹೋದ. ತಿರುಗಿ ಬಂದವಳಿಗೆ ಓಣಿಯ ಮನೆಯಲ್ಲಿ ಬಂದು ಹೋಗುವವರ ‘ಪಾಪ, ಪಾಪ’ ಕೇಳಿ ಸಾಕಾಗಿ, ತೋಟದ ಮನೆಯ ಕೀಲಿ ಕೊಡು ಎಂದು ಅಜ್ಜನನ್ನು ಕೇಳಿದಳಂತೆ. ಎರಡು ಕೋಣೆಯ ಕಲ್ಲಿನ ಮನೆ, ಮುಂದೆ ತಗಡಿನ ಪತ್ರಾ ಹೊದಿಸಿದ ಪಡಸಾಲೆ, ಉದ್ದ ಕಟ್ಟೆ, ಹತ್ತು ಹೆಜ್ಜೆಗೆ ಬಾವಿ. ಹೊಲವನ್ನು ಬೇರೆಯವರಿಗೆ ಪಾಲಿಗೆ ಹಾಕಿ, ಬಾವಿಯ ನೀರು ಮುಟ್ಟುವಷ್ಟು ನೆಲವನ್ನು ಮಾತ್ರ ತನಗಿಟ್ಟುಕೊಂಡಿದ್ದಳು. ಅಲ್ಲಿ ಮೆಂತ್ಯೆ, ಪುಂಡಿ, ಬದನೆ, ಬೇಲಿಗೆ ಹಬ್ಬಿದ ಅವರೆ, ಎರಡು ಪೇರಲ ಗಿಡ, ಒಂದು ಸೀತಾಫಲ, ಬಾವಿಯ ಬಾಯಿಗೆ ಮಲ್ಲಿಗೆ. ಕಾವಲಿಗೆ ಎರಡು ನಾಯಿ. ಖಂಡ್ಯಾ ಕರಿಯ, ಎತ್ತರದವನು, ಯಾರನ್ನೂ ಲೆಕ್ಕಕ್ಕಿಡದವನು. ಭೂರಿ ಮಣ್ಣಿನ ಬಣ್ಣದ ಹೆಣ್ಣು, ಒಂದು ಕಿವಿ ಹರಿದದ್ದು. ಇಬ್ಬರಿಗೂ ಯಾರೂ ಕೋಲೆತ್ತುವಂತಿರಲಿಲ್ಲ. ‘ಮಲ್ಲಯ್ಯ ದೇವರ ನಾಯಿ ಅವು, ಬಡದವರ ಕೈ ಸೇದ್ತದ’ ಎನ್ನುವಳು ಅತ್ತೆ.

ಶಶಿಯನ್ನು ಕಳಿಸಿದ ದಿನ ಅವ್ವ ಅಳುತ್ತಿದ್ದಳು, ಶಶಿ ಅವ್ವನ ಸೆರಗು ಬಿಡದೆ ಅಳುತ್ತಿದ್ದಳು. ನಾನು ಅಳಲಿಲ್ಲ. ನನ್ನ ಕಣ್ಣು ಅವಳಿಗೆಂದು ಕೊಂಡಿದ್ದ ಹೊಸ ತಗಡಿನ ಟ್ರಂಕಿನ ಮೇಲಿತ್ತು. ಕೆಮ್ಮುವವಳಿಗೆ ಟ್ರಂಕು, ಕೆಮ್ಮುವವಳಿಗೆ ಬಾವಿ, ನಾಯಿ, ಪೇರಲ ಗಿಡ. ನನ್ನ ಎದೆ ಗಟ್ಟಿಯಾಗಿದ್ದ ತಪ್ಪಿಗೆ ನನಗೆ ಅದೇ ಓಣಿ, ಅದೇ ಮಗ್ಗದ ಸದ್ದು, ತಮ್ಮನ ತೊಟ್ಟಿಲು ತೂಗುವ ಕೆಲಸ.

ಶನಿವಾರ ಬೆಳಗಿನ ಶಾಲೆ. ಅದು ಬಿಟ್ಟ ಕೂಡಲೇ ಅಪ್ಪ ಅಂಗಡಿಯ ಗಾದಿಯನ್ನು ಗುಮಾಸ್ತನಿಗೆ ಒಪ್ಪಿಸಿ ನನ್ನನ್ನು ಕರೆದುಕೊಂಡು ಅಕ್ಕಲಕೋಟೆಯ ಬಸ್ಸು ಹತ್ತುತ್ತಿದ್ದ. ರಸ್ತೆ ಕವಲೊಡೆಯುವ ಕುಂಭಾರಿ ಫಾಟಾದಲ್ಲಿ ಇಳಿದರೆ ಬೇವಿನ ಗಿಡದ ಕೆಳಗೆ ಶಶಿ ನಿಂತಿರುತ್ತಿದ್ದಳು, ಎಡಕ್ಕೆ ಖಂಡ್ಯಾ, ಬಲಕ್ಕೆ ಭೂರಿ. ನಾಯಿಗಳು ಓಡಿಬಂದು ಅಪ್ಪನ ಧೋತರ ಮೂಸಿ, ನನ್ನ ಲಂಗ ಮೂಸಿ, ಮತ್ತೆ ಹೋಗಿ ಅವಳ ಆಚೆ ಈಚೆ ನಿಂತುಬಿಡುತ್ತಿದ್ದವು. ಆರು ವರ್ಷದ ಹುಡುಗಿ, ಮೊಣಕಾಲಿಗೆ ಮಣ್ಣು, ಕೂದಲಿಗೆ ಎಣ್ಣೆಯಿಲ್ಲ, ಆದರೂ ನನ್ನ ಕಣ್ಣಿಗೆ ಸರದಾರನ ಮಗಳಂತೆ ಕಾಣುತ್ತಿದ್ದಳು. ಬದುವಿನ ಮೇಲೆ ನಮ್ಮ ಮುಂದೆ ನಡೆಯುತ್ತ ವಾರದ ಸುದ್ದಿಯನ್ನೆಲ್ಲ ಹೇಳುವಳು. ಮುಂಗುಸಿ ಬಂದದ್ದು, ಖಂಡ್ಯಾನ ಕಾಲಿಗೆ ಜಾಲಿಮುಳ್ಳು ನಟ್ಟದ್ದು, ಅದನ್ನು ತಾನೇ ಕಿತ್ತದ್ದು. ನನ್ನ ಬಳಿ ಹೇಳಲು ಏನಿತ್ತು? ತಮ್ಮನಿಗೆ ಹಲ್ಲು ಬಂದಿತ್ತು, ಅಷ್ಟೆ.

ಬಾವಿಕಟ್ಟೆಯ ಮೇಲೆ ಕಾಲಿಗೆ ತಣ್ಣೀರು ಹೊಯ್ದುಕೊಂಡು ಒಳಗೆ ಹೋದರೆ ಅತ್ತೆ ಒಲೆಯ ಮುಂದೆ. ಹಂಚಿನಿಂದ ಇಳಿದ ಜೋಳದ ರೊಟ್ಟಿ ನೇರವಾಗಿ ತಾಟಿಗೆ, ಅದರ ಮೇಲೆ ಬೆಣ್ಣೆ, ಪಕ್ಕಕ್ಕೆ ಶೇಂಗಾ ಹಿಂಡಿ, ಗುದ್ದಿ ಒಡೆದ ಉಳ್ಳಾಗಡ್ಡಿ, ಆಗಷ್ಟೇ ಕಿತ್ತ ಹಸಿ ಮೆಂತ್ಯೆ. ಓಣಿಯ ಮನೆಯಲ್ಲಿ ರೊಟ್ಟಿ ನಮ್ಮ ಪಾಳಿ ಬರುವ ಹೊತ್ತಿಗೆ ತಣ್ಣಗಾಗಿರುತ್ತಿತ್ತು. ಊಟವಾದ ಮೇಲೆ ಉಳಿದ ಹಿಟ್ಟಿನಲ್ಲಿ ಅತ್ತೆ ಎರಡು ದಪ್ಪ ರೊಟ್ಟಿ ಬಡಿಯುವಳು, ಅವು ನಾಯಿಗಳಿಗೆ. ಹಾಕುವ ಹಕ್ಕು ಶಶಿಯದು. ಮುರಿದು, ಊದಿ, ಆರಿಸಿ, ಭೂರಿಗೆ ಮೊದಲು, ಖಂಡ್ಯಾಗೆ ಆಮೇಲೆ.

“ಒಮ್ಮೆ ನಾ ಹಾಕ್ತೀನಿ, ಕೊಡು,” ಎಂದೆ ನಾನು.

“ನಿನ್ನ ಕೈ ವಾಸನಿ ಅವಕ್ಕ ಗೊತ್ತಿಲ್ಲ, ತಿನ್ನಂಗಿಲ್ಲ,” ಎಂದಳು ಶಶಿ. ಕುಹಕವಿರಲಿಲ್ಲ ಅವಳ ಮಾತಿನಲ್ಲಿ, ಇದ್ದದ್ದನ್ನು ಹೇಳುತ್ತಿದ್ದಳು. ಅದಕ್ಕೇ ಅದು ಇನ್ನೂ ಚುಚ್ಚಿತು.

ಸಂಜೆ ಮೋಟಾರು ಶುರು ಮಾಡಿ ಮಡಿಗಳಿಗೆ ನೀರು ಬಿಡುವುದು. ಅತ್ತೆ ಸೀರೆಯನ್ನು ಮೊಣಕಾಲಿಗೆ ಕಟ್ಟಿ ಸಲಿಕೆ ಹಿಡಿದು ಕಾಲುವೆಯ ಬಾಯಿ ಮುರಿಯುವಳು. ನೀರು ತಡವರಿಸುತ್ತ ಮಡಿಗೆ ನುಗ್ಗುವುದು, ಒಣ ಮಣ್ಣು ಚುಸ್ಸೆಂದು ಹೀರುವುದು, ನೀರು ಅಂಚು ಮುಟ್ಟಿದಾಗ ಶಶಿ ‘ತುಂಬ್ತು ಅತ್ತೀ’ ಎಂದು ಕೂಗುವುದು. ನಾಯಿಗಳು ಕಾಲುವೆಯಲ್ಲಿ ಹೊಟ್ಟೆ ತಣ್ಣಗೆ ಮಾಡಿಕೊಂಡು ಮಲಗಿಬಿಡುವವು. ನೀರು ಅವುಗಳ ಪಕ್ಕದಿಂದ ಹರಿದುಕೊಂಡು ಹೋಗಬೇಕು. ಬಾವಿಯ ಹತ್ತಿರದ ಮಡಿಯೊಂದು ಶಶಿಯದೇ. ಅದರಲ್ಲಿ ಅವಳು ಸೇವಂತಿಗೆ ಹಚ್ಚಿದ್ದಳು. ಅಪ್ಪ ಕಟ್ಟೆಯ ಮೇಲೆ ಅಂಗಿ ತೆಗೆದು ಕೂತು ಇದನ್ನೆಲ್ಲ ನೋಡುತ್ತಿದ್ದ. ಅಂಗಡಿಯಲ್ಲಿ ಅವನ ಮುಖ ಹಾಗೆ ಸಡಿಲವಾಗಿದ್ದನ್ನು ನಾನು ಕಂಡಿರಲಿಲ್ಲ. ಆ ಮುಖವೂ ಶಶಿಯ ಪಾಲಿಗೆ ಹೋಯಿತಲ್ಲ ಎಂದು ನನಗೆ ಅದಕ್ಕೂ ಸಂಕಟ.

ದಸರೆಯ ಹೊತ್ತಿಗೆ ಭೂರಿ ಜೋಳದ ಕಣಿಕೆಯ ಬಣವೆಯ ಕೆಳಗೆ ಆರು ಮರಿ ಹಾಕಿತು. ನಾನು ಸುದ್ದಿ ಕೇಳಿ ಆರು ದಿನ ತರಗತಿಯಲ್ಲಿ ಹೆಸರು ಯೋಚಿಸಿದೆ. ಶನಿವಾರ ಹೋಗುವಷ್ಟರಲ್ಲಿ ಶಶಿ ಐದಕ್ಕೆ ಹೆಸರಿಟ್ಟು ಮುಗಿಸಿದ್ದಳು. ಆರನೆಯದನ್ನು, ಬಿಳಿ ಕಾಲಿನದನ್ನು, ನಾನು ಎತ್ತಿಕೊಂಡು ಗಟ್ಟಿಯಾಗಿ ಹೇಳಿದೆ:

“ಇದರ ಹೆಸರು ರಾಣಿ.”

“ಅಕ್ಕಾ, ಅದು ಗಂಡು,” ಎಂದಳು ಶಶಿ.

ಅತ್ತೆ ನಕ್ಕಳು, ಅಪ್ಪ ನಕ್ಕ, ಬದುವಿನ ಮೇಲೆ ಹೋಗುತ್ತಿದ್ದ ಹೊಲದ ಪಾಲಿನವನೂ ನಕ್ಕ. ಮರಿಯನ್ನು ಕೆಳಗಿಟ್ಟು ಪೇರಲ ಗಿಡದ ಹಿಂದೆ ಹೋಗಿ ಕೂತೆ. ಯಾರೂ ಕರೆಯಲಿಲ್ಲ. ಅವರಿಗೆ ನಾನು ಹಣ್ಣು ಹುಡುಕುತ್ತಿದ್ದೇನೆ ಅನ್ನಿಸಿರಬೇಕು.

ಆ ವಾರ ಊರಿಗೆ ಬಂದವಳೇ ಕೆಮ್ಮತೊಡಗಿದೆ. ಶಶಿಯ ಕೆಮ್ಮು ನನಗೆ ಬಾಯಿಪಾಠವಾಗಿತ್ತು. ಹೆಗಲನ್ನೂ ಹಾಗೇ ಏರಿಸಿದೆ. ಆಯಿ ಓಮಿನ ಕಾಳು ಹುರಿದು ಬಟ್ಟೆಯಲ್ಲಿ ಕಟ್ಟಿ ಎದೆಗೆ ಶಾಖ ಕೊಟ್ಟಳು. ಅವ್ವ ಅರಿಶಿನದ ಹಾಲು ಕುಡಿಸಿದಳು. ಮೂರನೇ ದಿನ ಅಪ್ಪ ಡಾಕ್ಟರ ಹತ್ತಿರ ಕರೆದೊಯ್ದ. ಅವರು ಎದೆಗೂ ಬೆನ್ನಿಗೂ ನಳಿಗೆ ಇಟ್ಟು ಕೇಳಿ, ಅಪ್ಪನ ಕಡೆ ತಿರುಗಿ ನಗುತ್ತ ಹೇಳಿದರು:

“ಇಕಿಗೇನೂ ಆಗಿಲ್ರಿ ಸಾವಕಾರ್ರ. ಎತ್ತಿನಂಥಾ ಎದಿ ಅದ.”

ದಾರಿಯುದ್ದಕ್ಕೂ ಅಪ್ಪ ನನ್ನನ್ನು ಬೈಯಲಿಲ್ಲ. ಒಂದು ಕಡೆ ನಿಂತು ಕಬ್ಬಿನ ಹಾಲು ಕೊಡಿಸಿದ. ನನ್ನ ಸುಳ್ಳು ಅವನಿಗೆ ಗೊತ್ತಾಗಿತ್ತು, ಗೊತ್ತಾದದ್ದನ್ನು ಅವನು ಹೇಳಲಿಲ್ಲ.

ಎಳ್ಳಮಾವಾಸ್ಯೆಗೆ ಇಡೀ ಮನೆ ತೋಟಕ್ಕೆ ಹೋಯಿತು. ಅವ್ವ ತಮ್ಮನನ್ನು ಕಂಕುಳಲ್ಲಿಟ್ಟುಕೊಂಡು ಬಂದಳು, ಆಯಿ ಬಂದಳು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕಡಬು, ಎಲ್ಲವನ್ನೂ ಕಲಸಿ ‘ಹುಲ್ಲುಲ್ಲಿಗೋ’ ಎಂದು ಕೂಗುತ್ತ ಭೂಮಿತಾಯಿಗೆ ನೈವೇದ್ಯವೆಂದು ಹೊಲದ ತುಂಬ ಚರಗ ಚೆಲ್ಲಿ, ಊಟ ಮಾಡಿ, ಆಮೇಲೆ ಕುಳ್ಳಿನ ಕೆಂಡದಲ್ಲಿ ಎಳೆಯ ಜೋಳದ ತೆನೆ ಸುಟ್ಟು ಸೀತನಿ ಬಡಿಯಲು ಕೂತೆವು. ಗಾಳಿ ತಿರುಗಿ ಹೊಗೆಯೆಲ್ಲ ಶಶಿಯ ಮುಖಕ್ಕೆ ಹೊಡೆಯಿತು. ಕೆಮ್ಮು ಬಂತು, ಎಷ್ಟೋ ತಿಂಗಳ ಮೇಲೆ ಬಂದದ್ದು. ಅವ್ವ ತಮ್ಮನನ್ನು ನನ್ನ ಮಡಿಲಿಗೆ ತಳ್ಳಿ ಶಶಿಯನ್ನು ಬಾಚಿ ತೊಡೆಯ ಮೇಲೆ ಹಾಕಿಕೊಂಡಳು. ಬೆನ್ನು ಸವರಿದಳು, ಹಣೆಗೆ ಮುತ್ತಿಟ್ಟಳು. ಭೂರಿ ಬಂದು ಶಶಿಯ ಅಂಗಾಲು ನೆಕ್ಕತೊಡಗಿತು. ತೋಟ ಅವಳದು, ನಾಯಿ ಅವಳವು, ಈಗ ಅವ್ವನ ತೊಡೆಯೂ ಅವಳದೇ. ನನ್ನ ಕೈಯಲ್ಲಿ ಉಚ್ಚೆ ಹೊಯ್ದುಕೊಂಡ ತಮ್ಮ.

“ಇಷ್ಟ ದಿನಾ ಬರೋಬ್ಬರ ಇತ್ತಲ್ಲಾ ಅಕ್ಕಾ, ಈಗ್ಯಾಕ ಬಂತು?” ಅಪ್ಪ ಗಾಬರಿಯಿಂದ ಅತ್ತೆಯನ್ನು ಕೇಳಿದ.

“ಹೊಗಿ ಕುಡದಾಳ ತಮ್ಮಾ. ಈಗ ಇಳೀತದ, ಅಂಜಬ್ಯಾಡ.”

“ಹೊಗಿ ಅಲ್ಲರಿ ಅಪ್ಪಾ,” ಎಂದೆ ನಾನು. “ನಾಯಿ ಕೂದಲಾ. ಶಶಿ ಮರಿಗೋಳನ್ನ ಹಾಸಿಗ್ಯಾಗ ತಗೊಂಡ ಮಲಗ್ತಾಳ. ನಾ ಕಣ್ಣಾರೆ ನೋಡೀನಿ.”

ಅತ್ತೆ ಬಡಿಯುವುದನ್ನು ನಿಲ್ಲಿಸಿದಳು. “ನಮ್ಮ ಮನ್ಯಾಗ ನಾಯಿ ಹೊಸ್ತಲಾ ದಾಟೂದಿಲ್ಲ. ನಿನಗೂ ಗೊತ್ತದ ಸುಮೀ.”

ಅಪ್ಪ ಶಶಿಯ ಗಲ್ಲ ಹಿಡಿದೆತ್ತಿದ. “ಖರೇನಾ ಶಶೀ? ಅಕ್ಕ ಹೇಳೂದು ಖರೇನಾ?”

ಶಶಿ ನನ್ನನ್ನು ನೋಡಿದಳು. ಎಷ್ಟು ಹೊತ್ತು ನೋಡಿದಳೆಂದರೆ ನನ್ನ ಕಿವಿ ಬಿಸಿಯಾದವು. ಆಮೇಲೆ ಮುಖವನ್ನು ಅವ್ವನ ಸೆರಗಿನಲ್ಲಿ ಹುದುಗಿಸಿ ಹೇಳಿದಳು:

“ಹೂಂರಿ. ದಿನಾ ಮಲಗಿಸ್ಕೋತೀನಿ.”

ನನಗೆ ನಂಬಲಾಗಲಿಲ್ಲ. ಹೆದರಿ ಹೇಳಿದಳು ಅಂದುಕೊಂಡೆ. ಅತ್ತೆ ನಮ್ಮಿಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರನ್ನು ನೋಡಿ, ಮತ್ತೆ ತೆನೆ ಬಡಿಯತೊಡಗಿದಳು. ಸಂಜೆಯೊಳಗೆ ತೀರ್ಮಾನವಾಯಿತು. ಒಂಟಿ ಹೆಂಗಸು ಇರುವ ಹೊಲದ ಮನೆಯಿಂದ ನಾಯಿ ತೆಗೆಯುವಂತಿಲ್ಲ. ಹಾಗಾದರೆ ಮಗುವನ್ನೇ ತೆಗೆಯಬೇಕು. ಅಂಗಡಿಯ ಕೋಣೆಗೆ ಬಿಡದೆ, ಒಳಮನೆಯಲ್ಲೇ ಇಟ್ಟುಕೊಂಡು ನೋಡೋಣ ಎಂದಳು ಅವ್ವ. ಹೇಳುವಾಗ ಅವಳ ಮುಖ ಅರಳಿತ್ತು. ಅತ್ತೆ ಒಬ್ಬಳೇ ಆಗುತ್ತಾಳಲ್ಲ ಎಂದು ಅಪ್ಪ ಅಂದಾಗ ನಾನು ತಯಾರಿದ್ದೆ.

“ನಾ ಇರ್ತೀನಿ ಅತ್ತಿ ಹತ್ರ,” ಎಂದೆ.

ಎರಡು ತಿಂಗಳು ಆ ತೋಟ ನನ್ನದಾಗಿತ್ತು. ಆ ಎರಡು ತಿಂಗಳ ಸುಖವನ್ನು ನಾನು ಇವತ್ತಿಗೂ ಸುಳ್ಳೆಂದು ಹೇಳಲಾರೆ. ಮರಿಗಳು ಒಂದೊಂದಾಗಿ ಸುತ್ತಲಿನ ಹೊಲಗಳಿಗೆ ಹೋದವು. ಮೊದಲ ವಾರ ದೊಡ್ಡ ನಾಯಿಗಳು ನನ್ನ ಕೈಯ ರೊಟ್ಟಿ ಮೂಸಿ ಬಿಟ್ಟುಹೋದವು. ಮಧ್ಯಾಹ್ನವಾದರೆ ಎರಡೂ ಫಾಟಾದ ಕಡೆ ಹೊರಟುಬಿಡುತ್ತಿದ್ದವು, ಬಸ್ಸು ಬಂದು ಹೋದ ಮೇಲೆ ತಲೆ ತಗ್ಗಿಸಿಕೊಂಡು ಬರುತ್ತಿದ್ದವು. ನಾನು ಹಟ ಹಿಡಿದೆ. ರೊಟ್ಟಿಗೆ ಬೆಣ್ಣೆ ಸವರಿದೆ, ಉಣ್ಣೆ ಹುಳು ಕಿತ್ತೆ, ಅವುಗಳ ಪಕ್ಕದಲ್ಲೇ ಕೂತು ಪಾಠ ಓದಿದೆ. ಭೂರಿ ಮೊದಲು ಸೋತಿತು. ಖಂಡ್ಯಾ ತಿಂಗಳು ತೆಗೆದುಕೊಂಡ. ಒಂದು ಮುಂಜಾನೆ ನಾನು ಕಟ್ಟೆಯ ಮೇಲೆ ಹಲ್ಲುಜ್ಜುತ್ತ ಕೂತಿದ್ದಾಗ ಅವನು ಬಂದು, ಆಚೀಚೆ ನೋಡಿ, ನನ್ನ ಎರಡೂ ಪಾದಗಳ ಮೇಲೆ ಅಡ್ಡ ಮಲಗಿದ. ಕಾಲು ಜೋಮು ಹಿಡಿದರೂ ನಾನು ಏಳಲಿಲ್ಲ. ಇಬ್ಬನಿಯಲ್ಲಿ ಒದ್ದೆಯಾದ ಮೆಂತ್ಯೆ ಕೊಯ್ಯುವುದು, ಬರೀ ಬದನೆಯ ಹೂವನ್ನೂ ನಿಂತು ನೋಡುವುದು, ಸಂಜೆ ಕಾಲುವೆಯ ಕೆಸರಿನಲ್ಲಿ ಕಾಲಿಳಿಸಿ ‘ತುಂಬ್ತು ಅತ್ತೀ’ ಎಂದು ಕೂಗುವುದು. ಸಂಕ್ರಾಂತಿಗೆ ಕರೆದರೂ ಊರಿಗೆ ಹೋಗಲಿಲ್ಲ. ಶನಿವಾರ ಅಪ್ಪ ಒಬ್ಬನೇ ಬರುತ್ತಿದ್ದ. ‘ಶಶಿ ಆರಾಮ ಅದಾಳ, ಕೆಮ್ಮಽ ಇಲ್ಲ’ ಎನ್ನುತ್ತಿದ್ದ. ನನಗೆ ಸಮಾಧಾನ. ಹಾಗಾದರೆ ನನ್ನ ಸುಳ್ಳಿನಿಂದ ಯಾರಿಗೂ ಕೆಟ್ಟದ್ದಾಗಲಿಲ್ಲ.

ಶಿವರಾತ್ರಿಗೆ ಹೋಗಲೇಬೇಕಾಯಿತು. ಮಧ್ಯಾಹ್ನ ಅವ್ವ, ಆಯಿ ತಮ್ಮನನ್ನು ಎತ್ತಿಕೊಂಡು ಗುಡಿಗೆ ಹೋಗಿದ್ದರು. ಮನೆಯಲ್ಲಿ ಶಶಿ ಕಾಣಲಿಲ್ಲ. ಹುಡುಕುತ್ತ ಚಾದರದ ಕೋಣೆಯ ಬಾಗಿಲು ತಳ್ಳಿದೆ. ಗಂಟುಗಳ ಹಿಂದಿನ ಸಂದಿಯಿಂದ ಒಂದು ಸದ್ದು, ಯಾರೋ ದಿಂಬನ್ನು ಗುದ್ದುತ್ತಿರುವ ಹಾಗೆ. ಅವಳು ಮಂಡಿಯೂರಿ ಕೂತು, ಮಡಿಸಿದ ಚಾದರಕ್ಕೆ ಮುಖ ಒತ್ತಿಕೊಂಡು ಕೆಮ್ಮುತ್ತಿದ್ದಳು. ಸದ್ದು ಹೊರಗೆ ಹೋಗಬಾರದೆಂದು ಆ ಹತ್ತಿಯೊಳಗೇ ಕೆಮ್ಮುತ್ತಿದ್ದಳು. ಮುಖ ಎತ್ತಿದಾಗ ತುಟಿಯ ಸುತ್ತ ನೀಲಿಯಾಗಿತ್ತು. ಕತ್ತಿನ ಗುಳಿ ಒಳಗೆ ಹೋಗಿ ಹೊರಗೆ ಬರುತ್ತಿತ್ತು.

“ಅವ್ವಗ ಹೇಳಬ್ಯಾಡ,” ಎಂದಳು, ಒಂದೊಂದು ಮಾತಿಗೂ ಉಸಿರು ಎಳೆಯುತ್ತ. “ಹೇಳಿದ್ರ ಮತ್ತ ನನ್ನ ಕಳಸ್ತಾರ.”

“ಎಷ್ಟ ದಿನ ಆತು?”

“ಗೊತ್ತಿಲ್ಲ. ಬಂದಾಗಿಂದ. ಕೆಮ್ಮು ಬಂದ್ರ ಇಲ್ಲಿ ಬರ್ತೀನಿ.” ನನ್ನ ಲಂಗ ಹಿಡಿದಳು. “ನೀ ಸುಳ್ಳ ಹೇಳಿದಿ, ನಾನೂ ಹೇಳೀನಿ. ನೀ ಅಲ್ಲೇ ಇರು, ನಾ ಅವ್ವನ ಹತ್ರ ಇರ್ತೀನಿ. ಆಣಿ ಮಾಡು.”

ಎಳ್ಳಮಾವಾಸ್ಯೆಯ ದಿನ ಅವಳು ಹೆದರಿರಲಿಲ್ಲ ಎಂದು ನನಗೆ ಆಗ ತಿಳಿಯಿತು. ನನಗೆ ತೋಟ ಬೇಕಾಗಿದ್ದಷ್ಟೇ ಅವಳಿಗೆ ಅವ್ವ ಬೇಕಾಗಿದ್ದಳು. ಅವಳ ತಲೆ ಮುಟ್ಟಿ ಆಣೆ ಮಾಡಿದೆ. ಮರುದಿನ ತೋಟಕ್ಕೆ ಹಿಂತಿರುಗಿದೆ.

ಐದು ದಿನ ಸುಮ್ಮನಿದ್ದೆ. ಆಣೆ ಮುರಿಯಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆ ಇತ್ತು. ಹೇಳಿದರೆ ಶಶಿ ಬರುತ್ತಾಳೆ, ನಾನು ಹೋಗಬೇಕು, ಖಂಡ್ಯಾ ಮತ್ತೆ ಅವಳ ಎಡಕ್ಕೆ ನಿಲ್ಲುತ್ತಾನೆ. ಆ ಐದು ದಿನ ನಾನು ನಾಯಿಗಳಿಗೆ ರೊಟ್ಟಿ ಹಾಕಿದೆ, ನೀರು ಬಿಟ್ಟೆ, ನಕ್ಕೆ ಕೂಡ. ಅವಳ ತುಟಿಯ ನೀಲಿ ಕಣ್ಣಿಗೆ ಬಂದಾಗಲೆಲ್ಲ ಏನಾದರೊಂದು ಕೆಲಸ ಹುಡುಕಿಕೊಂಡೆ. ಐದನೇ ದಿನ ಸಂಜೆ ನೀರು ಬಿಡುವಾಗ ಅತ್ತೆ ಬಾವಿಯ ಹತ್ತಿರದ ಸೇವಂತಿಗೆಯ ಮಡಿಯನ್ನು ಸಲಿಕೆಯಿಂದ ತೋರಿಸಿ ಹೇಳಿದಳು:

“ಅಕಿ ಇನ್ನ ಬರೂದಿಲ್ಲ ಕಾಣಸ್ತದ. ಈ ಮಡಿ ಇನ್ನಮ್ಯಾಲೆ ನಿಂದು. ನಿನಗ ಏನ ಬೇಕೋ ಅದನ್ನ ಹಚ್ಚು.”

ಎಷ್ಟು ಶನಿವಾರ ಆ ಮಡಿಯನ್ನು ನೋಡಿ ಉರಿದಿದ್ದೆ! ಈಗ ಕೇಳದೆ ಸಿಕ್ಕಿತು. ಆದರೆ ಬಾಯಿಂದ ಬಂದದ್ದು ಬೇರೆ.

“ಅತ್ತೀ, ಶಶಿ ಚಾದರದ ಖೋಲ್ಯಾಗ ಮಕಾ ಮುಚ್ಚಿ ಕೆಮ್ಮತಾಳ. ಅಕಿ ತುಟಿ ನೀಲಿ ಆಗ್ಯಾವ.”

“ಯಾವಾಗ ನೋಡಿದಿ?”

“ಶಿವರಾತ್ರಿ ದಿನಾ.”

ಅತ್ತೆಯ ಕೈಯಿಂದ ಸಲಿಕೆ ಕಾಲುವೆಗೆ ಬಿತ್ತು. ಮೋಟಾರು ನಿಲ್ಲಿಸಲಿಲ್ಲ, ಬಾಗಿಲು ಹಾಕಲಿಲ್ಲ, ಸೀರೆ ಇಳಿಸಲಿಲ್ಲ. ನನ್ನ ರಟ್ಟೆ ಹಿಡಿದು ಬದುವಿನ ಮೇಲೆ ಓಡಿದಳು. ಫಾಟಾದಲ್ಲಿ ಬಸ್ಸಿಗೆ ಕಾಯದೆ, ಅಕ್ಕಲಕೋಟೆಯ ಕಡೆಯಿಂದ ಬರುತ್ತಿದ್ದ ಲಾರಿಗೆ ಕೈ ಅಡ್ಡ ಹಿಡಿದು ನಡುರಸ್ತೆಯಲ್ಲಿ ನಿಂತಳು. ಡ್ರೈವರನ ಪಕ್ಕದಲ್ಲಿ ಕೂತಾಗ ಅವಳ ಕಾಲಿನ ಕೆಸರು ಒಣಗಿ ಉದುರುತ್ತಿತ್ತು. ಒಂದೇ ಮಾತು ಕೇಳಿದಳು.

“ಐದ ದಿನಾ. ಹ್ಯಾಂಗ ಇಟ್ಕೊಂಡಿ ಸುಮೀ ಹೊಟ್ಯಾಗ?”

ಓಣಿಗೆ ಬಂದಾಗ ಶಶಿ ಮನೆಯಲ್ಲಿರಲಿಲ್ಲ. ಆ ಮಧ್ಯಾಹ್ನವೇ ಉಸಿರು ಕಟ್ಟಿ ಬಿದ್ದಿದ್ದಳು, ದವಾಖಾನೆಗೆ ಒಯ್ದಿದ್ದರು. ಎಂಟು ದಿನ ಅಲ್ಲಿದ್ದಳು. ಮೊದಲ ಎರಡು ದಿನ ಮೂಗಿಗೆ ನಳಿಗೆ, ಅವ್ವ ಮಂಚದ ಕೆಳಗೆ ನೆಲದ ಮೇಲೆ. ಅಪ್ಪ ಅಂಗಡಿ ತೆರೆಯಲಿಲ್ಲ. ನಾನು ಮನೆಯಲ್ಲಿ ಆಯಿಯ ಜೊತೆ ತಮ್ಮನನ್ನು ಆಡಿಸುತ್ತ, ಬಾಗಿಲಲ್ಲಿ ಯಾರ ಹೆಜ್ಜೆ ಕೇಳಿದರೂ ಓಡಿಹೋಗಿ ನೋಡುತ್ತಿದ್ದೆ. ಚಾದರದ ಕೋಣೆಯಲ್ಲಿ ನಾನು ಕಂಡದ್ದನ್ನು ಅತ್ತೆ ಅಪ್ಪ ಅವ್ವನಿಗೆ ಹೇಳಿದ್ದಳು, ಅದಕ್ಕೇ ಶಶಿ ಮತ್ತೆ ತೋಟಕ್ಕೆ ಎಂದು ಗಟ್ಟಿಯಾಗಿತ್ತು. ಐದು ದಿನದ ಮಾತನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ‘ನಾ ಹೇಳಂಗಿಲ್ಲ. ಹೇಳ್ಕೊಳ್ಳೂದು ನಿನ್ನ ಕೆಲಸ’ ಎಂದಿದ್ದಳು.

ಒಂಬತ್ತನೇ ದಿನ ಶಶಿಯನ್ನು ದವಾಖಾನೆಯಿಂದ ನೇರ ಕುಂಭಾರಿಗೆ ಕರೆದೊಯ್ದೆವು. ಫಾಟಾದಲ್ಲಿ ಅತ್ತೆ ನಾಯಿಗಳೊಂದಿಗೆ ನಿಂತಿದ್ದಳು. ಬಸ್ಸಿನ ಬಾಗಿಲು ತೆರೆಯಿತೋ ಇಲ್ಲವೋ, ಭೂರಿ ಮಗುವಿನಂತೆ ಕೀರಲು ದನಿ ತೆಗೆದು ಶಶಿಯ ಎದೆಗೆ ಹಾರಿತು. ಖಂಡ್ಯಾ, ಆ ಯಾರನ್ನೂ ಲೆಕ್ಕಕ್ಕಿಡದ ಖಂಡ್ಯಾ, ಅವಳ ಸುತ್ತ ಸುತ್ತಿ ಸುತ್ತಿ ಮಣ್ಣಿನಲ್ಲಿ ಉರುಳಿದ. ನಾನು ಹಿಂದೆ ನಿಂತಿದ್ದೆ. ಎರಡು ತಿಂಗಳ ಬೆಣ್ಣೆ ರೊಟ್ಟಿ ಒಂದೇ ಗಳಿಗೆಯಲ್ಲಿ ನೀರಾಯಿತು. ಸಾವಿನ ಬಾಯಿಂದ ಬಂದ ತಂಗಿಯನ್ನು ನೋಡಿ ಖುಷಿಪಡಬೇಕಾದ ಹೊತ್ತಿನಲ್ಲಿ ನನ್ನ ಎದೆಯಲ್ಲಿ ಅದೇ ಉರಿ. ಅದಕ್ಕೆ ನಾಚಿಕೆಯೂ ಆಯಿತು, ಆದರೆ ನಾಚಿಕೆಯಿಂದ ಉರಿ ಆರಲಿಲ್ಲ.

ಶಶಿ ನನ್ನ ಜೊತೆ ಮಾತಾಡಲಿಲ್ಲ. ಸಂಜೆ ನಾವು ಹೊರಟಾಗ ಅವ್ವನ ಸೆರಗು ಹಿಡಿದಳು. ಅವ್ವ ಇರುವಂತಿರಲಿಲ್ಲ, ಊರಲ್ಲಿ ಹಾಲು ಬಿಡದ ತಮ್ಮನಿದ್ದ, ಹಾಸಿಗೆ ಹಿಡಿಯುತ್ತಿದ್ದ ಆಯಿ ಇದ್ದಳು. ಅತ್ತೆ ಒಂದೊಂದೇ ಬೆರಳು ಬಿಡಿಸಿದಳು. ಆಗ ಶಶಿ ನನ್ನ ಕಡೆ ತಿರುಗಿ ಅಂದಳು:

“ಆಣಿ ಮುರದಿ. ಈಗ ಅವ್ವನ್ನ ನೀನಽ ಒಯ್ಯಿ.”

ಬಸ್ಸಿನಲ್ಲಿ ಅವ್ವ ಮುಂದಿನ ಹೆಂಗಸರ ಸೀಟಿನಲ್ಲಿ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾನು ಹಿಂದೆ ಅಪ್ಪನ ಪಕ್ಕದಲ್ಲಿ. ಇನ್ನೂ ಬಿಸಿಲಿತ್ತು, ಜೋಳದ ಕೊಯ್ಲಾದ ಹೊಲಗಳು ಬಯಲಾಗಿದ್ದವು. ನಾನು ಎಲ್ಲ ಹೇಳಿಬಿಟ್ಟೆ. ನಾಯಿ ಕೂದಲಿನ ಸುಳ್ಳು, ಚಾದರದ ಕೋಣೆ, ಐದು ದಿನ. ಹೊಡೆಯಲಿ ಎಂದು ಕೆನ್ನೆಯನ್ನು ಅವನ ಕಡೆಗೇ ಇಟ್ಟುಕೊಂಡು ಹೇಳಿದೆ. ಕೊನೆಗೆ, “ನನಗ ಶಶಿ ಮ್ಯಾಲೆ ಹೊಟ್ಟಿಕಿಚ್ಚು ಅಪ್ಪಾ. ಈಗೂ ಅದರಿ. ಹೋಗವಲ್ದು,” ಎಂದೆ.

ಅಪ್ಪ ಕೈಯೆತ್ತಲಿಲ್ಲ. ಕಂಡಕ್ಟರನಿಗೂ ಕೇಳದಷ್ಟು ಸಣ್ಣ ದನಿಯಲ್ಲಿ ಹೇಳಿದ.

“ನಮ್ಮಪ್ಪ ನನ್ನ ಹನ್ನೆರಡಕ್ಕಽ ಸಾಲಿ ಬಿಡಿಸಿ ಗಾದಿ ಮ್ಯಾಲೆ ಕೂಡ್ರಿಸಿದ. ನನಗ ತ್ವಾಟ ಬೇಕಾಗಿತ್ತು. ಅಕ್ಕ ಬಂದ್ಲು, ಕೀಲಿ ಇಸಗೊಂಡ್ಲು. ಗಂಡನ್ನ ಕಳಕೊಂಡ ಬಂದಾಕಿ ಅಕಿ. ಅಂಥಾಕಿ ಮ್ಯಾಲೆ ಹೊಟ್ಟಿಕಿಚ್ಚು ಪಟ್ಟೀನಿ ನಾ, ಸುಮೀ. ಪ್ರತಿ ಶನಿವಾರ ಪಟ್ಟೀನಿ.”

“ಹೋತೇನ್ರಿ ಅದು?”

“ಇಲ್ಲವ್ವ.” ಅವನು ಮುಂದೆ ಕೂತಿದ್ದ ಅವ್ವನ ಬೆನ್ನನ್ನು ನೋಡಿದ. “ಅದು ಇರ್ತದ, ಇರ್ಲಿ. ಆದ್ರ ಅದರ ಮಾತ ಕೇಳಿ ಬಾಯಿ ತಗೀಬಾರ್ದು. ಬಾಯಿ ಮುಚ್ಚಲೂಬಾರ್ದು. ಇವತ್ತ ಮನಿಗೆ ಹೋಗಿ ಅವ್ವಗ ನೀನಽ ಹೇಳು.”

ಹೇಳಿದೆ. ಅವ್ವ ಹೊಡೆದಳು. ನನ್ನ ಜನ್ಮದಲ್ಲಿ ಅವ್ವ ಹೊಡೆದದ್ದು ಆ ಒಂದು ಸಲ. ಹೊಡೆದ ಮೇಲೆ ಊಟಕ್ಕೆ ಕರೆದಳು, ಎಂದಿನಂತೆ ಬಡಿಸಿದಳು. ಅವ್ವನನ್ನು ಶಶಿಯ ಪಾಲಿನಿಂದ ಕಸಿದುಕೊಂಡಿದ್ದೇನೆ ಎಂಬುದು ನನಗೆ ಪ್ರತಿ ತುತ್ತಿನಲ್ಲೂ ನೆನಪಿಗೆ ಬರುತ್ತಿತ್ತು. ಆ ದಿನದಿಂದ ಅವ್ವನ ಹತ್ತಿರ ಏನನ್ನೂ ಹಟ ಮಾಡಿ ಕೇಳುವುದು ನನ್ನಿಂದಾಗಲಿಲ್ಲ.

ಶಶಿಯ ದಮ್ಮು ನಾಲ್ಕು ವರ್ಷದಲ್ಲಿ ಹೋಯಿತು. ತೋಟದಿಂದ ಅವಳು ಹೋಗಲಿಲ್ಲ. ಬೋರಾಮಣಿ ಊರಿನ ಶಾಲೆಯಲ್ಲಿ ಮಾಸ್ತರಾಗಿದ್ದವನನ್ನು ಮದುವೆಯಾಗಿ ಅವನನ್ನೂ ಅಲ್ಲಿಗೇ ಕರೆತಂದಳು. ಅತ್ತೆ ಕಣ್ಣು ಮುಚ್ಚುವ ಮೊದಲು ಮನೆ, ಬಾವಿ, ಗಿಡ ಎಲ್ಲವನ್ನೂ ಅವಳ ಹೆಸರಿಗೆ ಬರೆದಳು. ಕಾಗದಕ್ಕೆ ಸಾಕ್ಷಿ ಹಾಕಿದವಳು ನಾನು. ಆಮೇಲೆ ಎರಡು ದಿನ ಊಟ ಸೇರಲಿಲ್ಲ.

ಅವ್ವ ತೀರಿಕೊಂಡ ವರ್ಷ, ಕ್ರಿಯೆಗಳೆಲ್ಲ ಮುಗಿದ ಮೇಲೆ, ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಇಬ್ಬರೇ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ನಾನು ಆ ಐದು ದಿನದ ಮಾತನ್ನು ಶಶಿಗೆ ಹೇಳಿದೆ. ಅವಳಿಗೆ ಅದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ನಾನು ಕೂಡಲೇ ಹೋಗಿ ಹೇಳಿಬಿಟ್ಟೆನೆಂದೇ ಅವಳು ಅಂದುಕೊಂಡಿದ್ದಳು.

“ನೀ ಸತ್ತಿದ್ರ ಏನ ಮಾಡ್ತಿದ್ದೆ ನಾನು?” ಎಂದೆ. “ತ್ವಾಟದ ಆಶಾಕ್ಕ ಐದ ದಿನಾ ಬಾಯಿ ಮುಚ್ಕೊಂಡ ಕೂತಿದ್ದೆ ಶಶೀ. ನನ್ನ ಮಾಫ ಮಾಡು.”

ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ. ಒಂದು ಕಾಯಿ ಬಿಡಿಸಿದಳು, ಕಾಳು ಬುಟ್ಟಿಗೆ ಹಾಕಿದಳು, ಇನ್ನೊಂದನ್ನು ಎತ್ತಿಕೊಂಡಳು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. ಅವಳ ಕಣ್ಣು ತುಂಬಿದ್ದವು.

“ಐದ ದಿನಾ ಸುಮ್ಮನಿದ್ದಿ,” ಎಂದಳು. “ಇನ್ನೂ ನಾಕ ದಿನಾ ಸುಮ್ಮನಿರಾಕ ಏನಾಗಿತ್ತು ನಿನಗ? ದವಾಖಾನ್ಯಾಗಿಂದ ನನ್ನ ಮನಿಗೇ ಒಯ್ತಿದ್ರು, ಅವ್ವ ನನ್ನ ಹತ್ರ ಇರ್ತಿದ್ಲು.”